ಹೂವಿನ ಜೊತೆ ನಾರು: ವಡಾಲದ ಮದುವೆ ಮಂಟಪದ ಹಿಂದಿನ ಇತಿಹಾಸ

ವಿಡಿಯೋ ನೋಡಲು ಪುರುಸೊತ್ತು ಸಿಗದವರಿಗೆ, ಆಫೀಸ್ ಬಸ್ಸಿನಲ್ಲಿ ಕೂತು ಓದುವವರಿಗೆ ಈ ಸಲದ ಮಾತಿನ ಬರಹರೂಪ ಇದು. ಮಾತಾಡುವ ಭರದಲ್ಲಿ ಬಿಟ್ಟುಹೋದ ಒಂದೆರಡು ಸಂಗತಿಗಳನ್ನೂ ಸೇರಿಸಿದ್ದೇನೆ.

ವಿಷಯ ಮದುವೆ ಹೂವು. ನಗಬೇಡಿ. ರಾಜರು, ಶಾಸನಗಳು ಅಂತ ಮಾತಾಡ್ತಿದ್ದವನು ಈಗ ಹೂವಿಗೆ ಬಂದ ಅನ್ನಿಸಬಹುದು. ಕಾರಣ ಮನೆಯದ್ದೇ. ಮೇ ತಿಂಗಳಲ್ಲಿ ತಂಗಿಯ ಮದುವೆ. ನಾವು ವಡಾಲದವರು, ಹಾಲ್ ಕೂಡ ಇಲ್ಲೇ ಹತ್ತಿರ. ಡೆಕೊರೇಟರ್ ಒಬ್ಬರು ಟ್ಯಾಬ್ ಹಿಡಿದುಕೊಂಡು ಮನೆಗೆ ಬಂದರು. ಕೊಟೇಶನ್‌ನಲ್ಲಿ ಎರಡು ಸಾಲು. ಒಂದು ಮಾಮೂಲಿ ಮಂಟಪ, ಇನ್ನೊಂದು ‘ಸಸ್ಟೇನೆಬಲ್ ಫ್ಲೋರಲ್ ಡಿಸೈನ್’. ಎರಡನೆಯದಕ್ಕೆ ಮೂವತ್ತು ಸಾವಿರ ಜಾಸ್ತಿ. ಏನು ವ್ಯತ್ಯಾಸ ಅಂತ ಕೇಳಿದೆ. ಲೋಕಲ್ ಹೂವು ಬಳಸ್ತೇವೆ, ಪ್ಲಾಸ್ಟಿಕ್ ಬದಲು ಬಟ್ಟೆ ಹಾಕ್ತೇವೆ, ಹಿಂದೆ ಒಣಗಿದ ಪಾಂಪಾಸ್ ಹುಲ್ಲು ಇಡ್ತೇವೆ ಅಂದರು. ಪಾಂಪಾಸ್ ಅಂದ್ರೆ ಅರ್ಜೆಂಟೀನಾದ ಬಯಲಿನ ಹೆಸರು, ಅಲ್ಲಿಯದೇ ಹುಲ್ಲು. ಲೋಕಲ್ ಅಂತೆ!

ಅದಕ್ಕೆ ಸ್ವಲ್ಪ ದಿನ ಮುಂಚೆ ಸಂಬಂಧಿಕರ ಒಂದು ಮದುವೆಯಲ್ಲಿ ಲೆಕ್ಕ ಚುಕ್ತಾ ಮಾಡಲು ರಾತ್ರಿ ಒಂದು ಗಂಟೆಯವರೆಗೆ ಹಾಲ್‌ನಲ್ಲೇ ಇದ್ದೆ. ಮಂಟಪ ಬಿಚ್ಚುವುದನ್ನು ನಾನು ಮೊದಲ ಸಲ ನೋಡಿದ್ದು. ಇಪ್ಪತ್ತು ನಿಮಿಷದಲ್ಲಿ ಎಲ್ಲಾ ಮುಗೀತು. ಗುಲಾಬಿ, ಜರ್ಬೆರಾ, ಎಲೆ, ನೈಲಾನ್ ದಾರ, ಸ್ಟೇಪಲ್ ಪಿನ್ನು, ತಂತಿ, ಜೊತೆಗೆ ಇಟ್ಟಿಗೆಯ ಹಾಗಿದ್ದ ಹಸಿರು ಸ್ಪಂಜು, ಎಲ್ಲಾ ಒಂದೇ ಕಪ್ಪು ಚೀಲಕ್ಕೆ. ಆ ಸ್ಪಂಜು ಮುಟ್ಟಿದರೆ ಹಿಟ್ಟಿನ ಹಾಗೆ ಉದುರುತ್ತೆ. ನೆಲ ತೊಳೆದ ನೀರು ಹಸಿರಾಗಿ ಮೋರಿಗೆ ಹೋಯ್ತು. ನನ್ನ ಪಕ್ಕ ದೊಡ್ಡಮ್ಮ ನಿಂತಿದ್ದರು. ‘ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಅಂತಾರೆ. ಇಲ್ಲಿ ನಾರಿನ ಜೊತೆ ಹೂವೂ ಕಸಕ್ಕೆ ಹೋಯ್ತಲ್ಲ ಮಾರಾಯ’ ಅಂದರು.

ಈ ಇಡೀ ಮಾತು ದೊಡ್ಡಮ್ಮನ ಆ ಒಂದು ವಾಕ್ಯದಿಂದ ಹುಟ್ಟಿದ್ದು. ಹೂವು ಎರಡು ದಿನದಲ್ಲಿ ಬಾಡಿ ಮಣ್ಣಾಗುವ ವಸ್ತು. ಅದನ್ನು ಕಸ ಮಾಡುವುದು ಅದನ್ನು ಹಿಡಿದಿಟ್ಟ ವಸ್ತು. ಹಾಗಾಗಿ ಮದುವೆ ಹೂವಿನ ಇತಿಹಾಸ ಹುಡುಕುವಾಗ ನಾನು ಹೂವಿಗಿಂತ ಜಾಸ್ತಿ ದಾರದ ಹಿಂದೆ ಹೋದೆ.

ಮೊದಲು ಒಂದು ಸರಳ ಸಂಗತಿ. ನಮ್ಮ ಕಡೆ ಹೂವನ್ನು ಕೊಯ್ಯುವುದು ತೊಟ್ಟಿನ ಹತ್ತಿರ. ಮಲ್ಲಿಗೆ, ಸೇವಂತಿಗೆ, ಕನಕಾಂಬರ, ಚೆಂಡುಹೂವು, ಯಾವುದನ್ನೇ ನೋಡಿ, ದಂಟು ಇರಲ್ಲ. ದಂಟಿಲ್ಲದ ಹೂವನ್ನು ಹೂದಾನಿಯಲ್ಲಿ ನಿಲ್ಲಿಸಲು ಆಗಲ್ಲ, ಕಟ್ಟಬೇಕು, ಪೋಣಿಸಬೇಕು. ಯುರೋಪಿನಲ್ಲಿ, ಜಪಾನಿನಲ್ಲಿ ಹೂವಿನ ಕಲೆ ಬೆಳೆದದ್ದು ಉದ್ದ ದಂಟಿನ ಮೇಲೆ, ಪಾತ್ರೆಯ ನೀರಿನಲ್ಲಿ. ನಮ್ಮದು ಬೆಳೆದದ್ದು ಮಾಲೆಯ ಮೇಲೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ದಲ್ಲಿ ರಾಜನ ಭೋಗಗಳ ಪಟ್ಟಿ ಇದೆ. ಸ್ನಾನ, ತಾಂಬೂಲ, ವಸ್ತ್ರ ಇವುಗಳ ಸಾಲಿನಲ್ಲೇ ‘ಮಾಲ್ಯೋಪಭೋಗ’ ಅಂತ ಒಂದು ಭಾಗ. ಅಂದ್ರೆ ಹೂವನ್ನು ಅನುಭವಿಸುವುದು ಅಂದ್ರೆ ಮಾಲೆಯನ್ನು ಅನುಭವಿಸುವುದು ಅಂತಲೇ ಲೆಕ್ಕ. ಆಮೇಲೆ 1443ರಲ್ಲಿ ಹೆರಾತ್‌ನ ಶಾರುಖ್ ದೊರೆಯ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬರುತ್ತಾನೆ. ಈ ಊರಲ್ಲಿ ಎಲ್ಲಿ ನೋಡಿದರೂ ಗುಲಾಬಿ ಮಾರ್ತಾರೆ, ಇಲ್ಲಿನವರಿಗೆ ಅದು ಊಟದಷ್ಟೇ ಅಗತ್ಯ ಅನ್ನುವ ಅರ್ಥದಲ್ಲಿ ಬರೆದಿಟ್ಟಿದ್ದಾನೆ.

ಇಲ್ಲಿ ಒಂದು ತಮಾಷೆ ಇದೆ. ಆ 1443ರ ಹಂಪಿಯಲ್ಲಿ ಚೆಂಡುಹೂವು ಇರಲೇ ಇಲ್ಲ. ಇರಲು ಸಾಧ್ಯವೂ ಇಲ್ಲ. ಅದು ಮೆಕ್ಸಿಕೋದ ಗಿಡ. ಕೊಲಂಬಸ್ ಅಟ್ಲಾಂಟಿಕ್ ದಾಟಿದ್ದು 1492ರಲ್ಲಿ, ಗಿಡ ನಮ್ಮಲ್ಲಿಗೆ ಬಂದದ್ದು ಅದರ ನಂತರದ ಹಡಗು ವ್ಯಾಪಾರದಲ್ಲಿ, ಮೆಣಸಿನಕಾಯಿ ಬಂದ ಹಾಗೆ. ಸುಗಂಧರಾಜವೂ ಮೆಕ್ಸಿಕೋದ್ದೇ. ಸೇವಂತಿಗೆ ಚೀನಾ ಕಡೆಯದು. ಇವತ್ತು ಮದುವೆ ಮನೆಯಲ್ಲಿ ‘ಟ್ರೆಡಿಷನಲ್ ಥೀಮ್’ ಅಂದ್ರೆ ಚೆಂಡುಹೂವಿನ ಪರದೆ. ಐನೂರು ವರ್ಷದ ಹಿಂದೆ ವಲಸೆ ಬಂದವನು ಈಗ ಊರಿನ ಪಟೇಲ. ಹಾಗಾಗಿ ‘ಹೊರಗಿನ ಹೂವು ಬೇಡ’ ಅನ್ನುವ ವಾದ ನನಗೆ ಅಷ್ಟು ಒಪ್ಪಿಗೆ ಆಗಲ್ಲ. ನಾವೂ ವಲಸೆಯವರೇ ಅಲ್ವಾ. ಹೊಸ ಹೂವು ಬಂದಾಗ ಅದನ್ನೂ ನಮ್ಮವರು ದಂಟು ಕತ್ತರಿಸಿ ಹಳೇ ದಾರಕ್ಕೇ ಪೋಣಿಸಿದರು. ಹೂವು ಬದಲಾಯ್ತು, ಕಟ್ಟುವ ಕ್ರಮ ಬದಲಾಗಲಿಲ್ಲ.

ಈಗ ವಡಾಲಕ್ಕೆ ಬರೋಣ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಕಿಕ್ಕಿರಿದ ಹಳೇ ಊರನ್ನು ಬಿಡಿಸಬೇಕು ಅಂತ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಶುರುವಾಯ್ತು. ಅದರ ಯೋಜನೆಯಲ್ಲಿ ಹುಟ್ಟಿದ್ದೇ ದಾದರ್, ಮಾಟುಂಗ, ವಡಾಲ, ಸಯನ್ ಭಾಗದ ಬಡಾವಣೆಗಳು. ಅಗಲ ರಸ್ತೆ, ಸಾಲುಮರ, ಫೈವ್ ಗಾರ್ಡನ್ಸ್, ಎತ್ತರ ಹೆಚ್ಚಿಲ್ಲದ ಕಟ್ಟಡ. ಆಫೀಸುಗಳಲ್ಲಿ ಗುಮಾಸ್ತಿಕೆಗೆ ಬಂದ ದಕ್ಷಿಣದವರು, ಹೋಟೆಲಿಗೆ ಬಂದ ಉಡುಪಿ ಕಡೆಯವರು ಇಲ್ಲಿ ನೆಲೆ ನಿಂತರು. ಮಾಟುಂಗದಲ್ಲಿ 1926ರಿಂದ ಮೈಸೂರ್ ಅಸೋಸಿಯೇಷನ್ ಇದೆ. ವಡಾಲದಲ್ಲಿ ಎನ್.ಕೆ.ಇ.ಎಸ್. ಕನ್ನಡ ಶಾಲೆ, ಕಟ್ರಕ್ ರೋಡಿನಲ್ಲಿ ನಮ್ಮ ಕರಾವಳಿಯ ಕೊಂಕಣಿಗರ ರಾಮ ಮಂದಿರ. ನಮ್ಮ ಅಜ್ಜ ಹೋಟೆಲಿನಲ್ಲಿ ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು. ಅಂಥವರ ಮಕ್ಕಳ ಮದುವೆಗಳಿಂದ ಈ ಕಡೆಯ ಹೂವಿನ ವ್ಯಾಪಾರ ಬೆಳೀತು. ಮಾಟುಂಗ ಸ್ಟೇಷನ್ ಹೊರಗಿನ ಹೂವಿನಂಗಡಿಗಳ ಸಾಲನ್ನು ನೀವು ನೋಡಿರಬಹುದು. ಮಹಾರಾಷ್ಟ್ರದ ಊರಿನಲ್ಲಿ ಮದ್ರಾಸಿನ ಹಾಗೆ ಹಾರ ಕಟ್ಟುವವರು ಅಲ್ಲಿ ಇದ್ದಾರೆ.

ಆಗ ಮಂಟಪ ಹೇಗಿರ್ತಿತ್ತು? ಅಜ್ಜಿ ಇದ್ದಾಗ ಕೇಳಿ ಬರೆದಿಟ್ಟುಕೊಂಡದ್ದು ಇಷ್ಟು. ನಾಲ್ಕು ಬಾಳೆಕಂಬ. ಮಾವಿನ ಎಲೆಯ ತೋರಣ. ಎಳೆಯ ತೆಂಗಿನ ಗರಿ ಸೀಳಿ ಹೆಣೆದ ಅಲಂಕಾರ. ತುಳುವಿನಲ್ಲಿ ಅದಕ್ಕೆ ಸಿರಿ ಅಂತಾರೆ, ಭೂತದ ಕೋಲದಲ್ಲಿ ನೋಡಿರ್ತೀರಿ. ಕಲಶದ ಹತ್ತಿರ ಹಿಂಗಾರ, ಅಂದ್ರೆ ಅಡಿಕೆಯ ಹೂಗೊನೆ. ಹೆಂಗಸರ ತಲೆಗೆ ಮಲ್ಲಿಗೆ, ನಡುವೆ ಒಂದೆಳೆ ಅಬ್ಬಲಿಗೆ. ಅಷ್ಟೇ. ಮರುದಿನ ಬಾಳೆಕಂಬ ಹಸುವಿಗೆ, ಹೂವು ಗಿಡದ ಬುಡಕ್ಕೆ. ‘ಆಗ ಚಂದ ಇತ್ತಾ ಅಜ್ಜಿ?’ ಅಂತ ಕೇಳಿದ್ದೆ. ‘ಚಂದ ಎಂತದು, ದುಡ್ಡಿರಲಿಲ್ಲ’ ಅಂದಿದ್ದರು. ಇದನ್ನೂ ಹೇಳಲೇಬೇಕು. ಅದು ಪರಿಸರಪ್ರೇಮ ಆಗಿರಲಿಲ್ಲ, ಕೈಗೆ ಸಿಕ್ಕಿದ್ದನ್ನು ಬಳಸಿದ್ದು.

ಮಲ್ಲಿಗೆ ಮಾತ್ರ ಸುಲಭಕ್ಕೆ ಸಿಗ್ತಿರಲಿಲ್ಲ. ವಸಾಯಿ ಕಡೆಯ ಬೆಳೆಗಾರರು ಬೆಳಗಿನ ಲೋಕಲ್ ಹಿಡಿದು ದಾದರಿಗೆ ತರುವ ಮೋಗ್ರಾ ಇತ್ತು. ಆದರೆ ನಮ್ಮವರಿಗೆ ಬೇಕಾದದ್ದು ಊರಿನ ಮಲ್ಲಿಗೆ, ಶಂಕರಪುರದ್ದು. ಶಂಕರಪುರ ಅಂದ್ರೆ ಉಡುಪಿ ಜಿಲ್ಲೆಯ ಕಾಪು ಹತ್ತಿರದ ಹಳ್ಳಿ. ಸುತ್ತಲಿನ ಶಿರ್ವ, ಬಂಟಕಲ್ಲು ಕಡೆಯೆಲ್ಲಾ ಮನೆ ಅಂಗಳದಲ್ಲೇ ಬೆಳೆ. ಬೆಳಿಗ್ಗೆ ಮೊಗ್ಗಾಗಿ ಕೊಯ್ದದ್ದು ಸಂಜೆಗೆ ಅರಳ್ತದೆ. ಹಡಗಿನಲ್ಲಿ ಕಳಿಸಿದರೆ ಮುಂಬಯಿಗೆ ಬರುವುದು ಕಂದು ಬಣ್ಣದ ಮುದ್ದೆ. 1951ರ ಡಿಸೆಂಬರ್ 25ರಂದು ಬಜಪೆ ವಿಮಾನ ನಿಲ್ದಾಣ ಶುರುವಾಯ್ತು. ಒಂದೇ ದಿನದಲ್ಲಿ ಗಿಡದಿಂದ ಮುಂಬಯಿಗೆ ಮೊಗ್ಗು ಮುಟ್ಟಿಸುವ ದಾರಿ ಇದ್ದದ್ದು ವಿಮಾನ ಒಂದೇ. 1998ರ ಜನವರಿ 26ರಂದು ರೋಹಾದಿಂದ ತೋಕೂರಿನವರೆಗಿನ 741 ಕಿಲೋಮೀಟರ್ ಕೊಂಕಣ ರೈಲು ಪೂರ್ತಿಯಾಯ್ತು. ಬಸ್ಸಿನಲ್ಲಿ ಒಂದು ದಿನ ಕೂತು ಬರ್ತಿದ್ದ ಊರು ಒಂದು ರಾತ್ರಿಯ ದೂರಕ್ಕೆ ಬಂತು. ಆಮೇಲೆ ಮದುವೆಗೆ ಬರುವ ನೆಂಟರ ಚೀಲದಲ್ಲೇ ಹೂವು ಬರತೊಡಗಿತು.

ಈ ಮಲ್ಲಿಗೆಯ ಲೆಕ್ಕ ನಮ್ಮಂಥ ಇಂಜಿನಿಯರುಗಳಿಗೆ ಇಷ್ಟ ಆಗುವಂಥದ್ದು. ತೂಕ ಇಲ್ಲ, ಮೊಳ ಇಲ್ಲ, ಎಣಿಕೆ. 800 ಮೊಗ್ಗಿಗೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟಿ, ಅಂದ್ರೆ 3,200 ಮೊಗ್ಗು. ಇಡೀ ದಿನಕ್ಕೆ ಒಂದೇ ದರ, ಅದು ಕಟ್ಟೆಯಲ್ಲಿ ನಿಗದಿಯಾಗಿ ಎಲ್ಲರಿಗೂ ಗೊತ್ತಾಗ್ತದೆ. ಮದುವೆ ಸೀಸನ್ನಿನಲ್ಲಿ ಅಟ್ಟಿಗೆ 2,100 ರೂಪಾಯಿ ಮುಟ್ಟಿದ್ದಿದೆ. ಕೆಲವು ದಿನ ಅದರ ಕಾಲುಭಾಗಕ್ಕೂ ಕೇಳುವವರಿಲ್ಲ. ಉಡುಪಿ ಮಲ್ಲಿಗೆ, ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರಕ್ಕೂ ಜಿಐ ಟ್ಯಾಗ್ ಇದೆ.

ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಇದನ್ನು ಕಟ್ಟುವ ರೀತಿ. ಸೂಜಿ ಇಲ್ಲ, ಹತ್ತಿ ದಾರವೂ ಇಲ್ಲ. ಬಾಳೆಯ ಪಟ್ಟೆ ಒಣಗಿಸಿ, ಸಣ್ಣಗೆ ಸೀಳಿ, ನೀರಿನಲ್ಲಿ ನೆನೆಸಿದ ನಾರು. ಒದ್ದೆ ನಾರು ಬಳುಕ್ತದೆ, ಮೊಗ್ಗಿನ ತೊಟ್ಟನ್ನು ಕತ್ತರಿಸುವುದಿಲ್ಲ, ತನ್ನಲ್ಲಿರುವ ತೇವವನ್ನು ಹೂವಿನ ಹತ್ತಿರವೇ ಇಟ್ಟುಕೊಳ್ತದೆ. ಮೇಲಿನ ಪ್ಯಾಕಿಂಗ್ ಬಾಳೆಎಲೆ. ಒಂದೇ ಗಿಡದಿಂದ ದಾರ, ಪೆಟ್ಟಿಗೆ, ಕೂಲರ್ ಮೂರೂ. ಶಿರ್ವದಲ್ಲಿ ನಮ್ಮ ಅತ್ತೆ ಬೆಳಿಗ್ಗೆ ಬೆಳಕು ಹರಿಯುವ ಮೊದಲು ಗಿಡದ ಹತ್ತಿರ ಹೋಗ್ತಾರೆ, ಹತ್ತು ಗಂಟೆಯೊಳಗೆ ಕಟ್ಟಿ ಮುಗಿಸ್ತಾರೆ. ಕಟ್ಟೆಗೆ ತಡವಾದರೆ ಆ ದಿನದ ಹೂವು ಹೋಯ್ತು. ಮದುವೆ ಮುಗಿದ ಮೇಲೆ ಈ ಅಟ್ಟಿಯನ್ನು ಹಾಗೇ ಮಣ್ಣಿಗೆ ಎಸೀಬಹುದು. ಬೇರ್ಪಡಿಸಬೇಕಾದದ್ದು ಒಂದೂ ಇಲ್ಲ.

ಇನ್ನು ಆ ಹಸಿರು ಇಟ್ಟಿಗೆ ಎಲ್ಲಿಂದ ಬಂತು ನೋಡೋಣ. 1953ರ ಜೂನ್ 2ರಂದು ಲಂಡನ್ನಿನಲ್ಲಿ ಎರಡನೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ. ಹೂವಿನ ಅಲಂಕಾರದ ಸಲಹೆಗಾರ್ತಿ ಕಾನ್‌ಸ್ಟನ್ಸ್ ಸ್ಪ್ರೈ. ಆಕೆ ಕೋಳಿಗೂಡಿನ ತಂತಿಬಲೆಯನ್ನು ಮುದ್ದೆ ಮಾಡಿ ಪಾತ್ರೆಯೊಳಗೆ ತುರುಕಿ, ಅದರ ಕಣ್ಣುಗಳಲ್ಲಿ ದಂಟು ನಿಲ್ಲಿಸುವುದಕ್ಕೆ ಹೆಸರಾದವಳು. ಹೂವಿನ ಮಧ್ಯೆ ತರಕಾರಿ ಎಲೆ ಇಡುವುದಕ್ಕೂ ಹಿಂಜರಿಯದವಳು. ಅಷ್ಟು ದೊಡ್ಡ ಸಮಾರಂಭ ಫೋಮ್ ಇಲ್ಲದೇ ನಡೀತು, ಯಾಕಂದ್ರೆ ಫೋಮ್ ಇನ್ನೂ ಬಂದಿರಲಿಲ್ಲ! ಮರುವರ್ಷ, 1954ರಲ್ಲಿ, ಅಮೆರಿಕದ ಒಹಾಯೋ ರಾಜ್ಯದಲ್ಲಿ ವರ್ನನ್ ಸ್ಮಿದರ್ಸ್ ಅದನ್ನು ಹೂವಿಗಾಗಿ ಮಾರುಕಟ್ಟೆಗೆ ತಂದ. ‘ಓಯಸಿಸ್’ ಅನ್ನುವ ಹೆಸರು ಅಲ್ಲಿಂದಲೇ. ಅದು ಫೀನಾಲ್ ಫಾರ್ಮಾಲ್ಡಿಹೈಡ್. ಅಜ್ಜನ ಮನೆಯ ಗೋಡೆಯಲ್ಲಿದ್ದ ಕಪ್ಪು ಬೇಕಲೈಟ್ ಸ್ವಿಚ್ಚಿನ ಕುಟುಂಬದ್ದೇ ವಸ್ತು. ಒಂದು ಗಟ್ಟಿ, ಇನ್ನೊಂದು ನೊರೆ. ಒಮ್ಮೆ ಗಟ್ಟಿಯಾದರೆ ಕರಗಿಸಿ ಮತ್ತೆ ಬಳಸಲು ಆಗಲ್ಲ. ಮಣ್ಣಿನಲ್ಲಿ ಕೊಳೆಯಲ್ಲ, ಪುಡಿಯಾಗಿ ಸಣ್ಣದಾಗ್ತಾ ಹೋಗ್ತದೆ ಅಷ್ಟೇ. 2019ರಲ್ಲಿ ಆಸ್ಟ್ರೇಲಿಯಾದ ಆರ್‌ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಈ ಪುಡಿ ಮೈಕ್ರೋಪ್ಲಾಸ್ಟಿಕ್ ಆಗಿ ನೀರಿಗೆ ಸೇರ್ತದೆ, ಜಲಚರಗಳು ಅದನ್ನು ತಿನ್ನುತ್ತವೆ ಅಂತ ತೋರಿಸಿದರು. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಹೂವಿನ ಪ್ರದರ್ಶನಗಳಲ್ಲಿ ಫೋಮ್ ನಿಷೇಧಿಸಿದೆ. ಚೆಲ್ಸಿಯ ಪ್ರಸಿದ್ಧ ಪ್ರದರ್ಶನವೂ ಅದರಲ್ಲಿ ಸೇರಿದೆ.

ನಮ್ಮ ಮಂಟಪಕ್ಕೆ ಇದು ಬಂದ ದಾರಿ ಬೇರೆ. 1991ರ ಉದಾರೀಕರಣದ ನಂತರ ಬೆಂಗಳೂರು-ಹೊಸೂರು ಸುತ್ತ, ಇತ್ತ ಪುಣೆ ಹತ್ತಿರದ ತಳೇಗಾಂವ್ ಕಡೆ ಪಾಲಿಹೌಸ್‌ಗಳು ಎದ್ದವು. ಉದ್ದ ದಂಟಿನ ಗುಲಾಬಿ, ಜರ್ಬೆರಾ, ಕಾರ್ನೇಶನ್ ಬೆಳೆದದ್ದು ರಫ್ತಿಗೆ, ಆದರೆ ಬರಬರುತ್ತಾ ನಮ್ಮ ಮದುವೆಗಳೇ ದೊಡ್ಡ ಗಿರಾಕಿಯಾದವು. ದಂಟಿನ ಹೂವಿಗೆ ದಾರ ಸಾಲಲ್ಲ. ನೀರೂ ಬೇಕು, ಚುಚ್ಚಲು ಜಾಗವೂ ಬೇಕು, ಅದೂ ನೆಟ್ಟಗೆ ನಿಂತ ಗೋಡೆಯ ಮೇಲೆ. ಫೋಮ್ ಮೂರನ್ನೂ ಒಂದೇ ಏಟಿಗೆ ಕೊಡ್ತದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಯಾರೂ ಕೇಳಿ ಹಾಕಿಕೊಂಡದ್ದಲ್ಲ, ಹೂವಿನ ಜೊತೆ ತಾನಾಗಿ ಇನ್‌ಸ್ಟಾಲ್ ಆದ ಡಿಪೆಂಡೆನ್ಸಿ. ಹೊಸ ಹೂವನ್ನು ಹಳೇ ದಾರಕ್ಕೆ ಪೋಣಿಸಿದ ಆ ಐನೂರು ವರ್ಷದ ಅಭ್ಯಾಸ ಕಡಿದದ್ದು ಇಲ್ಲಿ. ಈ ಸಲ ಹೂವು ತನ್ನ ಕಟ್ಟುವ ಕ್ರಮವನ್ನೂ ಜೊತೆಗೆ ತಂದಿತು.

ಕಾನೂನು ಏನು ಮಾಡ್ತು? ಮಹಾರಾಷ್ಟ್ರ 2018ರ ಮಾರ್ಚ್ 23ರಂದೇ ಪ್ಲಾಸ್ಟಿಕ್, ಥರ್ಮೋಕೋಲ್ ಮೇಲೆ ಅಧಿಸೂಚನೆ ಹೊರಡಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದ ಒಮ್ಮೆ ಬಳಸುವ ಪ್ಲಾಸ್ಟಿಕ್ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್ ಇದೆ. ಪ್ಲಾಸ್ಟಿಕ್ ಹೂವು ಆ ಪಟ್ಟಿಯಲ್ಲಿ ಇಲ್ಲ. ಅದರ ನಿಷೇಧ ಕೇಳಿ ಹೂ ಬೆಳೆಗಾರರ ಸಂಘಟನೆಯೊಂದು ಬಾಂಬೆ ಹೈಕೋರ್ಟಿಗೆ ಹೋಗಬೇಕಾಯ್ತು.

ಈ ಪ್ಲಾಸ್ಟಿಕ್ ಹೂವಿನ ವಿಷಯದಲ್ಲಿ ನನಗೆ ಬಹಳ ಕಿರಿಕಿರಿ ಇದೆ. ಡೆಕೊರೇಟರುಗಳು ಅದನ್ನು ‘ರೀಯೂಸೆಬಲ್, ಝೀರೋ ವೇಸ್ಟ್’ ಅಂತ ಮಾರ್ತಾರೆ. ಕೇಳಲು ಸರಿ ಅನ್ನಿಸ್ತದೆ. ಐವತ್ತು ಮದುವೆಗೆ ಒಂದೇ ಪರದೆ, ಕಸ ಎಲ್ಲಿ? ಆದರೆ ಆ ಐವತ್ತು ಮದುವೆಗಳಲ್ಲಿ ಒಂದು ಅಟ್ಟಿಯೂ ಮಾರಾಟ ಆಗ್ಲಿಲ್ಲ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆದಾಗ ಸರಿಯಾಗಿ ಮದುವೆ ಸೀಸನ್. ಮುಂಬಯಿಗೆ ವಿಮಾನ ಇಲ್ಲ, ಬಸ್ಸಿಲ್ಲ, ರೈಲಿಲ್ಲ. ಗಿಡಕ್ಕೆ ಲಾಕ್‌ಡೌನ್ ಗೊತ್ತಾಗಲ್ಲವಲ್ಲ, ಮೊಗ್ಗು ಬಿಡ್ತಾನೇ ಇತ್ತು. ಅತ್ತೆ ಕೊಯ್ದು ಗಿಡದ ಬುಡಕ್ಕೇ ಹಾಕಿದರು, ಕೊಯ್ಯದಿದ್ದರೆ ಗಿಡ ಹಾಳು ಅಂತ. ಮಲ್ಲಿಗೆಯ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದ ಮನೆಗಳು ಆ ಕಡೆ ಎಷ್ಟಿವೆ ಅಂತ ಅಲ್ಲಿಯವರಿಗೆ ಗೊತ್ತು. ಅವರ ಪಾಲಿಗೆ ಪ್ಲಾಸ್ಟಿಕ್ ಹೂವು ಮುಗಿಯದ ಲಾಕ್‌ಡೌನ್.

ಹಾಗಂತ ಮಲ್ಲಿಗೆ ಪರಮ ಪವಿತ್ರ ಅಂತ ನಾನು ಹೇಳಲ್ಲ. ವಿಮಾನದಲ್ಲಿ ಬಂದ ಹೂವಿಗೆ ಇಂಧನದ ಲೆಕ್ಕ ಇದೆ. ಗಿಡಕ್ಕೆ ಔಷಧಿ ಹೊಡೀತಾರೆ. ಕಟ್ಟುವ ಹೆಂಗಸರ ಕೂಲಿ ಹೂವಿನ ದರ ಏರಿದಷ್ಟು ಏರಲ್ಲ. ದಾದರಿನ ಮಾರ್ಕೆಟ್ಟಿನಲ್ಲಿ ಕೆಜಿಗಟ್ಟಲೆ ಬರುವ ಚೆಂಡುಹೂವಿನ ಮಾಲೆಗೂ ಈಗ ನೈಲಾನ್ ದಾರ ಸೇರಿಕೊಂಡಿದೆ, ನಡುವೆ ಮಿಂಚುವ ಜರಿ ಬೇರೆ. ಅದನ್ನು ಕಾಂಪೋಸ್ಟ್ ಮಾಡಬೇಕಾದರೆ ಯಾರಾದರೂ ಕೂತು ಒಂದೊಂದೇ ದಾರ ಎಳೀಬೇಕು. ಯಾರು ಕೂರ್ತಾರೆ? ಹೆಚ್ಚಿನದು ಕಸದ ಲಾರಿ ಹತ್ತುತ್ತೆ. ಈ ಊರಿನ ಕಸ ದೇವನಾರ್‌ನಲ್ಲಿ ಬೀಳತೊಡಗಿದ್ದು 1927ರಲ್ಲಿ.

ಮನೆಯ ಕಥೆಗೆ ಮರಳಿ ಬರ್ತೇನೆ. ಇಷ್ಟೆಲ್ಲಾ ಓದಿ ತಂಗಿಯ ಮುಂದೆ ಸ್ಲೈಡ್ ಹಾಕಿದೆ. ‘ಅಣ್ಣ, ನಿನ್ನ ಪಟ್ಟಾಭಿಷೇಕ ನನ್ನ ಮದುವೆಗೆ ತರಬೇಡ. ನಂಗೆ ಪಿಂಕ್ ಗುಲಾಬಿ ಬೇಕು’ ಅಂದಳು. ಸರಿ ಅಲ್ವಾ? ಮದುವೆ ಅವಳದ್ದು. ಗುಲಾಬಿ ಇರಲಿ, ಫೋಮ್ ಬೇಡ ಅಂತ ರಾಜಿಯಾಯ್ತು. ಡೆಕೊರೇಟರ್ ಹತ್ತಿರ ಕೂತು ಮತ್ತೆ ಮಾತಾಡಿದೆ. ಗುಲಾಬಿಯ ದಂಟು ನೀರು ತುಂಬಿದ ಮಡಕೆಯಲ್ಲಿ, ಒಳಗೆ ತಂತಿಬಲೆ. ಬಲೆ ಮುಂದಿನ ಮದುವೆಗೂ ಆಗ್ತದೆ. ಹಿಂದಿನ ಗೋಡೆಗೆ ಪಾಂಪಾಸ್ ಬದಲು ತೆಂಗಿನ ಸಿರಿ. ನೈಲಾನ್ ಬದಲು ಹತ್ತಿ ದಾರ. ಬಿಚ್ಚುವಾಗ ಎರಡು ಚೀಲ, ಹಸಿ ಬೇರೆ ಒಣ ಬೇರೆ.

ಆಗ ಅವರು ಒಂದು ಮಾತು ಹೇಳಿದರು, ಅದು ನನ್ನ ತಲೆಯಲ್ಲಿ ಇರಲಿಲ್ಲ. ‘ಸರ್, ಫೋಮ್ ಇದ್ರೆ ಇಬ್ಬರು ಹುಡುಗರು ನಾಲ್ಕು ಗಂಟೆಯಲ್ಲಿ ಮುಗಿಸ್ತಾರೆ. ನೀವು ಹೇಳಿದ ಹಾಗೆ ಆದ್ರೆ ಐದು ಜನ, ಇಡೀ ರಾತ್ರಿ. ಆ ಮೂವತ್ತು ಸಾವಿರ ಹೂವಿಗಲ್ಲ, ಕೈಗೆ.’ ನಾನು ಅವರು ಬರೀ ಹೆಸರಿಗೆ ದುಡ್ಡು ಕೇಳ್ತಿದ್ದಾರೆ ಅಂದುಕೊಂಡಿದ್ದೆ. ಅರ್ಧ ತಪ್ಪಿದ್ದೆ. ಫೋಮ್ ತೆಗೆದುಹಾಕಿದ್ದು ನಾರನ್ನು ಮಾತ್ರ ಅಲ್ಲ, ನಾರು ಕಟ್ಟುವವರ ಕೂಲಿಯನ್ನೂ. ಅಜ್ಜಿಯ ಕಾಲದಲ್ಲಿ ಆ ಕೆಲಸಕ್ಕೆ ನೆಂಟರ ಹೆಂಗಸರು ಕೂರ್ತಿದ್ದರು, ಬಿಟ್ಟಿಯಾಗಿ. ಈಗ ಅವರೆಲ್ಲಾ ಆಫೀಸಿಗೆ ಹೋಗ್ತಾರೆ, ಹೋಗಬೇಕು ಕೂಡ. ಹಾಗಾದರೆ ಕೂಲಿ ಕೊಡಬೇಕು. ಪಾಂಪಾಸ್ ಹುಲ್ಲಿನ ಖರ್ಚು ಕಳೆದು ಇಪ್ಪತ್ತೆರಡು ಸಾವಿರಕ್ಕೆ ಒಪ್ಪಿಕೊಂಡೆವು. ಕೊಟೇಶನ್‌ನಲ್ಲಿ ‘ಸಸ್ಟೇನೆಬಲ್’ ಅನ್ನುವ ಪದ ಹೊಡೆದು ‘ಫೋಮ್ ಇಲ್ಲ, ಐದು ಜನ ಕೆಲಸಗಾರರು’ ಅಂತ ಬರೆಸಿದೆ. ನೀವೂ ಹಾಗೇ ಬರೆಸಿ. ಪದಕ್ಕಿಂತ ಸ್ಪೆಸಿಫಿಕೇಶನ್ ವಾಸಿ.

ಮಲ್ಲಿಗೆಗೆ ಶಿರ್ವದ ಅತ್ತೆಗೆ ಫೋನ್ ಮಾಡಿದೆ. ಹತ್ತು ಅಟ್ಟಿ ಬೇಕು ಅಂದೆ. ಮೂವತ್ತೆರಡು ಸಾವಿರ ಮೊಗ್ಗು. ಮೇ ತಿಂಗಳಲ್ಲಿ ಅಷ್ಟು ಸಿಗ್ತದಾ, ದರ ಎಷ್ಟಾದೀತು ಅಂತ ನನಗೆ ಚಿಂತೆ.

‘ಹೂವು ಹೇಗೂ ಸಿಗ್ತದೆ ಮಗಾ, ಅಕ್ಕಪಕ್ಕದವರದ್ದೂ ಸೇರಿಸಿ ಕಳಿಸುವ. ನಾರಿನದ್ದೇ ನಂಗೆ ಯೋಚನೆ. ಅಷ್ಟಕ್ಕೆಲ್ಲಾ ಸಾಲುವಷ್ಟು ಒಣ ನಾರು ಮನೆಯಲ್ಲಿಲ್ಲ. ಇವತ್ತೇ ನಾಲ್ಕು ಬಾಳೆಯ ಪಟ್ಟೆ ಬಿಡಿಸಿ ಬಿಸಿಲಿಗೆ ಹಾಕಿದ್ದೇನೆ’ ಅಂದರು ಅತ್ತೆ.